ಆಟ ನೋಡಲು ಎಲ್ಲರಿಗೂ ಜಾಗ

2024ರ ನವೆಂಬರ್ ತಿಂಗಳ ಕೊನೆಯ ಶನಿವಾರ. ಆ ದಿನ ನಮ್ಮ ಕನ್ನಡ ತರಗತಿಯಲ್ಲಿ ಕಾಗುಣಿತಕ್ಕಿಂತ ಕ್ರಿಕೆಟ್ಟೇ ಹೆಚ್ಚು ನಡೆಯಿತು. ಕಾರಣವೂ ಇತ್ತು. ಅದೇ ವಾರ ನಮ್ಮ ಪರ್ತ್ ಕ್ರೀಡಾಂಗಣದಲ್ಲಿ ಭಾರತ ತಂಡ ಆಸ್ಟ್ರೇಲಿಯಾವನ್ನು 295 ರನ್ನುಗಳಿಂದ ಸೋಲಿಸಿತ್ತು. ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್ ಹಾಗೂ ಯಶಸ್ವಿ ಜೈಸ್ವಾಲ್ ಮೊದಲ ವಿಕೆಟ್ಟಿಗೆ 201 ರನ್ ಕೂಡಿಸಿದ್ದರು. ನೋಡಿ ಬಂದ ಮಕ್ಕಳೆಲ್ಲ ಒಂದೇ ಉಸಿರಿನಲ್ಲಿ ವರ್ಣಿಸುತ್ತಿದ್ದರು.

ಆಗ ಒಬ್ಬ ಹುಡುಗ ಹೇಳಿದ: "ನಾವೆಲ್ಲ ಹೋಗಿದ್ವಿ ಮಿಸ್, ಅಜ್ಜ ಮಾತ್ರ ಬರಲಿಲ್ಲ. ಅಜ್ಜನಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ."

ಆ ಅಜ್ಜ ದಾವಣಗೆರೆಯಿಂದ ಬಂದವರು. ಕಿವಿಗೆ ರೇಡಿಯೋ ಹಚ್ಚಿಕೊಂಡು ಐವತ್ತು ವರ್ಷ ಕ್ರಿಕೆಟ್ ಕೇಳಿದವರು. ಪಾರ್ಶ್ವವಾಯು ಆದ ಮೇಲೆ ಗಾಲಿಕುರ್ಚಿ ಬಳಸುತ್ತಾರೆ. ಮಗನ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಟೆಸ್ಟ್ ಪಂದ್ಯ ನಡೆಯುತ್ತಿದ್ದರೂ ಟಿ.ವಿ.ಯಲ್ಲೇ ನೋಡಿದರು. "ಪಾಪ, ಅಲ್ಲಿ ಅವರಿಗೆ ಕಷ್ಟ" ಎಂದು ಮನೆಯವರು ಪ್ರೀತಿಯಿಂದಲೇ ತೀರ್ಮಾನಿಸಿದ್ದರು. ಆದರೆ ಬರುತ್ತೀರಾ ಎಂದು ಅಜ್ಜನನ್ನು ಯಾರೂ ಕೇಳಲಿಲ್ಲ. ಜಾಗ ಇದೆಯೇ ಎಂದು ಕ್ರೀಡಾಂಗಣದವರನ್ನೂ ಯಾರೂ ಕೇಳಲಿಲ್ಲ. ಜಾಗವೇನೋ ಇತ್ತು!

ಈ ಮಾತು ನಮ್ಮನ್ನು ಚುಚ್ಚಿತು. ಏಕೆಂದರೆ ನಾವಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು. ಆದ್ದರಿಂದ ವಿಕಲಚೇತನ ಪ್ರೇಕ್ಷಕರಿಗೆ ಕ್ರೀಡಾಂಗಣದಲ್ಲಿ ಏನೇನು ಬೇಕು, ಈಗ ಇರುವ ಅನುಕೂಲಗಳು ಹೇಗೆ ಬಂದವು ಎಂಬುದನ್ನು ತಿಳಿದುಕೊಳ್ಳಲು ಹೊರಟೆವು. ತಿಳಿದದ್ದನ್ನು ಇಲ್ಲಿ ಹಂಚಿಕೊಂಡಿದ್ದೇವೆ.

ಅಡ್ಡಿ ಎಲ್ಲೆಲ್ಲಿ?

ವಿಕಲಚೇತನ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಾಲಿಕುರ್ಚಿ ಮತ್ತು ಮೆಟ್ಟಿಲು. ಆದರೆ ಅಡ್ಡಿಗಳು ಹಲವು ಬಗೆ. ಪಂದ್ಯ ನೋಡುವುದೆಂದರೆ ಒಂದು ಸರಪಳಿಯಿದ್ದಂತೆ. ಟಿಕೆಟ್ ಕೊಳ್ಳಬೇಕು, ರೈಲಿನಲ್ಲೋ ಕಾರಿನಲ್ಲೋ ಹೋಗಬೇಕು, ಗೇಟು ದಾಟಬೇಕು, ಆಸನ ತಲುಪಬೇಕು, ಆಟ ಕಾಣಿಸಬೇಕು, ಶೌಚಾಲಯ ಹತ್ತಿರವಿರಬೇಕು, ಜನಜಂಗುಳಿಯ ನಡುವೆ ಸುರಕ್ಷಿತವಾಗಿ ಮರಳಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವೆಲ್ಲ ವ್ಯರ್ಥ. ಒಳಗೆ ಚೆಂದದ ಜಾಗವಿದ್ದು, ಹತ್ತಿರದಲ್ಲಿ ಗಾಲಿಕುರ್ಚಿ ಹಿಡಿಸುವ ಶೌಚಾಲಯ ಇಲ್ಲದಿದ್ದರೆ ಆ ಮನುಷ್ಯ ಇಡೀ ದಿನ ನೀರು ಕುಡಿಯದೆ ಕೂರಬೇಕಾಗುತ್ತದೆ.

ಇನ್ನು ಕಣ್ಣು ಕಾಣದವರಿಗೆ ಮೈದಾನದಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಜನರ ಕೂಗು, ಬ್ಯಾಟಿಗೆ ಚೆಂಡು ತಗುಲುವ ಸದ್ದು ಮನೆಯಲ್ಲಿ ಸಿಗುವುದಿಲ್ಲವಲ್ಲ! ಅವರಿಗಾಗಿ ಮೈದಾನದಲ್ಲಿ ನಡೆಯುವುದನ್ನೆಲ್ಲ ಬಿಡಿಸಿ ಹೇಳುವ ವಿಶೇಷ ವೀಕ್ಷಕ ವಿವರಣೆ ಇರುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಬಹುದು. ಕಿವಿ ಮಂದವಾದವರಿಗೆ ಶ್ರವಣಯಂತ್ರಕ್ಕೆ ನೇರವಾಗಿ ಧ್ವನಿ ತಲುಪಿಸುವ ವ್ಯವಸ್ಥೆ ಮತ್ತು ಪರದೆಯ ಮೇಲಿನ ಬರಹ ಬೇಕು. ಆಟಿಸಂ ಇರುವ ಮಕ್ಕಳಿಗೆ ತೊಂದರೆ ಕೊಡುವುದು ಗದ್ದಲ ಮತ್ತು ಕಣ್ಣು ಕುಕ್ಕುವ ಬೆಳಕು. ಅವರಿಗೆ ಶಬ್ದ ಕಡಿಮೆಯಿರುವ, ಗಾಜಿನ ಮೂಲಕ ಆಟ ಕಾಣುವ ಶಾಂತ ಕೋಣೆ ಬೇಕು.

ಕೇಳಿದವರು ಯಾರು?

ಇವೆಲ್ಲ ಯಾರದೋ ಕರುಣೆಯಿಂದ ತಾವಾಗಿ ಬಂದವೆಂದು ನಾವು ತಿಳಿದಿದ್ದೆವು. ಹುಡುಕುತ್ತ ಹೋದಂತೆ ಹೆಚ್ಚಿನ ಅನುಕೂಲಗಳ ಹಿಂದೆ "ನನಗೂ ಜಾಗ ಬೇಕು" ಎಂದು ಕೇಳಿದವರೊಬ್ಬರು ಕಂಡರು.

ಸಿಡ್ನಿಯ ಉದಾಹರಣೆ ನೋಡಿ. 2000ದ ಒಲಿಂಪಿಕ್ಸ್‌ಗೆ ಟಿಕೆಟ್ ಮಾರಾಟ ಶುರುವಾದಾಗ ಬ್ರೂಸ್ ಮೆಗ್ವೈರ್ ಎಂಬ ಅಂಧ ವ್ಯಕ್ತಿ ಟಿಕೆಟ್ ಪುಸ್ತಕವನ್ನು ಬ್ರೈಲ್ ಲಿಪಿಯಲ್ಲಿ ಕೊಡಿ, ಕ್ರೀಡಾಕೂಟದ ಜಾಲತಾಣವನ್ನು ಅಂಧರೂ ಬಳಸುವಂತೆ ಮಾಡಿ ಎಂದು ಕೇಳಿದರು. ಸಂಘಟನಾ ಸಮಿತಿ ಒಪ್ಪಲಿಲ್ಲ. ಅವರು 1999ರಲ್ಲಿ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. 2000ದ ಆಗಸ್ಟ್‌ನಲ್ಲಿ ಆಯೋಗ ಅವರ ಪರವಾಗಿ ತೀರ್ಪು ನೀಡಿತು. ಜಾಲತಾಣವನ್ನು ಪೂರ್ತಿಯಾಗಿ ಸರಿಪಡಿಸದೇ ಇದ್ದುದಕ್ಕೆ ಸಮಿತಿ 20,000 ಡಾಲರ್ ಪರಿಹಾರ ತೆರಬೇಕಾಯಿತು. ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂಬ ವಿಷಯದಲ್ಲಿ ಜಗತ್ತಿನಾದ್ಯಂತ ಇಂದಿಗೂ ಉದಾಹರಿಸುವ ತೀರ್ಪು ಇದು.

ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹೊಸ ಒಳಾಂಗಣ ಕ್ರೀಡಾಂಗಣವೊಂದು ಏಳುತ್ತಿದ್ದಾಗ ಪಾರ್ಶ್ವವಾಯುಪೀಡಿತ ಮಾಜಿ ಸೈನಿಕರ ಸಂಘ ಒಂದು ಸರಳ ಪ್ರಶ್ನೆ ಎತ್ತಿತು. ಗಾಲಿಕುರ್ಚಿಗೆ ಜಾಗವೇನೋ ಇದೆ. ಆದರೆ ಗೋಲು ಬಿದ್ದಾಗ ಮುಂದಿನವರೆಲ್ಲ ಎದ್ದು ನಿಂತರೆ ನಮಗೆ ಕಾಣುವುದು ಅವರ ಬೆನ್ನು ಮಾತ್ರವಲ್ಲವೇ? 1996ರಲ್ಲಿ ನ್ಯಾಯಾಲಯ ಇದನ್ನು ಒಪ್ಪಿತು. 1997ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಇಂಥ ಜಾಗಗಳಲ್ಲಿ ಬಹುಪಾಲು, ಎದ್ದು ನಿಂತವರ ತಲೆಯ ಮೇಲಿನಿಂದ ಆಟ ಕಾಣುವಷ್ಟು ಎತ್ತರದಲ್ಲಿರಬೇಕೆಂದಾಯಿತು.

ಇಂಗ್ಲೆಂಡಿನ ಸಂಡರ್ಲೆಂಡ್ ಫುಟ್‌ಬಾಲ್ ಮೈದಾನದಲ್ಲಿ 2015ರಲ್ಲಿ ತೆರೆದ ಶಾಂತ ಕೋಣೆಯ ಹಿಂದೆಯೂ ಇದ್ದವರು ಆಟಿಸಂ ಇರುವ ಮಗನ ತಂದೆತಾಯಿ. ಮಗನಿಗೆ ಗದ್ದಲ ತಡೆಯಲಾಗದು, ಆದರೆ ಆಟ ಬೇಕು ಎಂದು ಅವರು ಕ್ಲಬ್ಬನ್ನು ಕೇಳಿದರು. ಆಸ್ಟ್ರೇಲಿಯಾದ ದೊಡ್ಡ ಕ್ರೀಡಾಂಗಣಗಳಲ್ಲೂ ಈಗ ಇಂಥ ಕೋಣೆಗಳಿವೆ.

ಕಾನೂನಿನ ಲೆಕ್ಕ

ಆಸ್ಟ್ರೇಲಿಯಾದಲ್ಲಿ 1992ರ ಅಂಗವೈಕಲ್ಯ ತಾರತಮ್ಯ ನಿಷೇಧ ಕಾಯ್ದೆ ಇದೆ. ಅದರಡಿ ಕಟ್ಟಡಗಳಿಗೆ ಸಂಬಂಧಿಸಿದ ನಿಯಮಗಳು 2011ರ ಮೇ 1ರಿಂದ ಜಾರಿಗೆ ಬಂದವು. ಅದರಲ್ಲಿ ಮಕ್ಕಳಿಗೆ ಹಿಡಿಸುವ ಒಂದು ಲೆಕ್ಕವಿದೆ. 10,000 ಆಸನಗಳಿರುವ ಹೊಸ ಕ್ರೀಡಾಂಗಣದಲ್ಲಿ ಗಾಲಿಕುರ್ಚಿಗೆ ಕನಿಷ್ಠ 108 ಜಾಗ ಇರಬೇಕು. ಅದಕ್ಕೂ ದೊಡ್ಡದಾದರೆ ಹೆಚ್ಚಿನ ಪ್ರತಿ 200 ಆಸನಗಳಿಗೆ ಇನ್ನೊಂದು ಜಾಗ. ಹಾಗಾದರೆ 60,000 ಆಸನಗಳಿಗೆ ಎಷ್ಟು? ನಮ್ಮ ನಾಲ್ಕನೇ ತರಗತಿಯವರು ಬೇಗನೆ ಉತ್ತರ ಹೇಳಿದರು: 358.

ಇದು ಕನಿಷ್ಠ ಮಾತ್ರ. ಅಲ್ಲದೆ ಈ ನಿಯಮ ಹೊಸ ಕಟ್ಟಡಕ್ಕೆ, ಹಳೆಯದರಲ್ಲಿ ಹೊಸದಾಗಿ ಕಟ್ಟುವ ಭಾಗಕ್ಕೆ ಅನ್ವಯಿಸುತ್ತದೆ. ಪಿಯಾರಾ ವಾಟರ್ಸ್‌ನಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಇದರ ಅರ್ಥ ಗೊತ್ತು. ನಕ್ಷೆಯಲ್ಲಿರುವಾಗ ಗೋಡೆ ಸರಿಸಲು ಒಂದು ಗೆರೆ ಸಾಕು. ಕಟ್ಟಿದ ಮೇಲೆ ಗೋಡೆ ಒಡೆಯಬೇಕು.

ಮೂರು ಊರುಗಳು

ಈ ಮಾತಿಗೆ ಆಸ್ಟ್ರೇಲಿಯಾದ ಮೂರು ಊರುಗಳೇ ಸಾಕ್ಷಿ. ನಮ್ಮ ಪರ್ತ್ ಕ್ರೀಡಾಂಗಣ 2018ರ ಜನವರಿಯಲ್ಲಿ ತೆರೆಯಿತು. ಹೊಸ ನಿಯಮ ಬಂದ ಮೇಲೆ ಕಟ್ಟಿದ್ದರಿಂದ ಲಿಫ್ಟು, ಗಾಲಿಕುರ್ಚಿಯ ಜಾಗ ಎಲ್ಲವೂ ನಕ್ಷೆಯಲ್ಲೇ ಇದ್ದವು. ಪಕ್ಕದಲ್ಲೇ ರೈಲು ನಿಲ್ದಾಣವೂ ಇದೆ. 2025ರ ಜೂನ್‌ನಲ್ಲಿ ರ‍್ಯಾನ್‌ಫರ್ಡ್ ರೋಡ್ ನಿಲ್ದಾಣ ತೆರೆದ ಮೇಲೆ ನಮ್ಮ ಬಡಾವಣೆಯವರಿಗೆ ಆ ಮಾರ್ಗದ ರೈಲೂ ಹತ್ತಿರವಾಗಿದೆ.

ಅಡಿಲೇಡ್ ಓವಲ್ ಹಳೆಯ ಮೈದಾನ. 2014ರ ಹೊತ್ತಿಗೆ ಅದರ ಸ್ಟ್ಯಾಂಡುಗಳನ್ನು ಹೊಸದಾಗಿ ಕಟ್ಟಿದರು. ನದಿಯಾಚೆಯ ರೈಲು ನಿಲ್ದಾಣದ ಕಡೆಯಿಂದ ನಡೆದು ಬರಲು ಸೇತುವೆಯನ್ನೂ ಹಾಕಿದರು. 1911ರ ಹಳೆಯ ಸ್ಕೋರ್‌ಬೋರ್ಡನ್ನೂ ಹುಲ್ಲಿನ ದಿಬ್ಬವನ್ನೂ ಹಾಗೆಯೇ ಉಳಿಸಿಕೊಂಡರು. ಹಳೆಯದರ ಚೆಲುವು ಉಳಿಸಲು ಹೊಸ ಅನುಕೂಲ ಬಿಡಬೇಕಾಗಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ಬ್ರಿಸ್ಬೇನಿನ ಗಬ್ಬಾ ಮೈದಾನದ್ದು ಬೇರೆ ಕಥೆ. ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಅಲ್ಲಿನ ಸ್ಟ್ಯಾಂಡುಗಳು ವಿಕಲಚೇತನರಿಗೆ ಅನುಕೂಲವಾಗಿಲ್ಲ ಎಂಬ ದೂರು ಬಹಳ ದಿನಗಳಿಂದಿದೆ. 2032ರ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ಗಾಗಿ ವಿಕ್ಟೋರಿಯಾ ಪಾರ್ಕಿನಲ್ಲಿ 63,000 ಆಸನಗಳ ಹೊಸ ಕ್ರೀಡಾಂಗಣ ಕಟ್ಟುವುದಾಗಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅಲ್ಲಿ ಗಾಲಿಕುರ್ಚಿಗೆ ಕನಿಷ್ಠ ಎಷ್ಟು ಜಾಗ? ಮಕ್ಕಳೇ, ಮೇಲಿನ ಲೆಕ್ಕದಿಂದ ನೀವೇ ಕಂಡುಹಿಡಿಯಿರಿ. ಉತ್ತರ ಲೇಖನದ ಕೊನೆಯಲ್ಲಿದೆ.

ನಮ್ಮ ನಾಡಿನಲ್ಲಿ

ಕರ್ನಾಟಕದವರಿಗೂ ಈ ವಿಷಯ ಹೊಸದಲ್ಲ. ಸ್ವತಃ ದೃಷ್ಟಿಹೀನರಾದ ಜಿ.ಕೆ. ಮಹಾಂತೇಶ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದರು. ಅಂಧರ ಮೊದಲ ಟಿ-20 ವಿಶ್ವಕಪ್ 2012ರಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತ ಗೆದ್ದಿತು. ಒಳಗೆ ಗುಂಡುಗಳಿದ್ದು ಸದ್ದು ಮಾಡುವ ಚೆಂಡಿನಲ್ಲಿ ಅವರು ಆಡುತ್ತಾರೆ. 2025ರ ನವೆಂಬರ್‌ನಲ್ಲಿ ನಡೆದ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಕೂಡ ನಮ್ಮ ಕರ್ನಾಟಕದ ಪರವಾಗಿ ಆಡುವವರೇ. ಮೈದಾನಕ್ಕಿಳಿದು ವಿಶ್ವಕಪ್ ಗೆಲ್ಲಬಲ್ಲವರಿಗೆ ಮೈದಾನದ ಬದಿಯಲ್ಲಿ ಕೂರಲು ಜಾಗ ಬೇಡವೇ?

ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕ್ರೀಡೆ ಮತ್ತು ಮನರಂಜನೆಯಲ್ಲೂ ಅವರಿಗೆ ಸಮಾನ ಅವಕಾಶವಿರಬೇಕೆಂದು ಹೇಳುತ್ತದೆ. ಆದರೆ ಕಟ್ಟಡಗಳ ಬಗೆಗಿನ ನಿಯಮಗಳು ಬಹುಪಾಲು ಸಲಹೆಯ ರೂಪದಲ್ಲೇ ಉಳಿದಿದ್ದವು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬವರು 2005ರಲ್ಲೇ ಸುಪ್ರೀಂ ಕೋರ್ಟಿನ ಮೊರೆ ಹೋಗಿದ್ದರು. ಅದೇ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ನ್ಯಾಯಾಲಯ, ಕಡ್ಡಾಯವಾಗಿ ಪಾಲಿಸಲೇಬೇಕಾದ ನಿಯಮಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಸುಮಾರು ಇಪ್ಪತ್ತು ವರ್ಷ ಒಬ್ಬ ವ್ಯಕ್ತಿ ಕೇಳುತ್ತಲೇ ಇದ್ದದ್ದರ ಫಲ ಇದು.

ನಾವು ಮಾಡಬಹುದಾದದ್ದು

ಕಾನೂನು ಜಾಗವನ್ನು ಕೊಡಬಹುದು. ಮನೆಯಿಂದ ಕರೆದುಕೊಂಡು ಹೋಗಬೇಕಾದವರು ನಾವು. ನಮ್ಮ ಕುಟುಂಬಗಳಿಗೆ ನಾಲ್ಕು ಮಾತು:

ಮೊದಲನೆಯದು, ಟಿಕೆಟ್ ಕೊಳ್ಳುವ ಮುನ್ನ ಫೋನ್ ಮಾಡಿ. ಗಾಲಿಕುರ್ಚಿಯ ಜಾಗವನ್ನು ಮೊದಲೇ ಕಾದಿರಿಸಬೇಕು; ಸಾಮಾನ್ಯ ಟಿಕೆಟ್ ಕೊಂಡು ಗೇಟಿನ ಬಳಿ ಕೇಳಿದರೆ ಕಷ್ಟ. ಯಾವ ಗೇಟು, ಲಿಫ್ಟು ಎಲ್ಲಿದೆ, ಜೊತೆಯಲ್ಲಿ ಎಷ್ಟು ಮಂದಿ ಕೂರಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಎರಡನೆಯದು, ಕಂಪ್ಯಾನಿಯನ್ ಕಾರ್ಡ್. ಸಹಾಯಕರಿಲ್ಲದೆ ಹೊರಗೆ ಹೋಗಲಾಗದ, ಜೀವನಪೂರ್ತಿ ಆ ನೆರವು ಬೇಕಾದವರಿಗೆ ಇದು ಸಿಗುತ್ತದೆ. ಯೋಜನೆಯಲ್ಲಿ ಸೇರಿರುವ ಸ್ಥಳಗಳಲ್ಲಿ ಸಹಾಯಕರಿಗೆ ಟಿಕೆಟ್ ಉಚಿತ. 2003ರಲ್ಲಿ ವಿಕ್ಟೋರಿಯಾದಲ್ಲಿ ಶುರುವಾದ ಈ ಯೋಜನೆ ಈಗ ಎಲ್ಲ ರಾಜ್ಯಗಳಲ್ಲೂ ಇದೆ. ಆದರೆ ಇದು ಇಲ್ಲಿ ನೆಲೆಸಿದವರಿಗೆ; ಪ್ರವಾಸಿ ವೀಸಾದಲ್ಲಿ ಬಂದ ಅಜ್ಜ ಅಜ್ಜಿಯರಿಗಲ್ಲ. ಗಾಲಿಕುರ್ಚಿಯ ಜಾಗಕ್ಕೆ ಮಾತ್ರ ಅಂಥ ಕಾರ್ಡು ಬೇಕಿಲ್ಲ.

ಮೂರನೆಯದು, ತೊಂದರೆಯಾದರೆ ಸುಮ್ಮನಿರಬೇಡಿ. ಮೊದಲು ಕ್ರೀಡಾಂಗಣಕ್ಕೇ ಬರೆಯಿರಿ. ಪರಿಹಾರ ಸಿಗದಿದ್ದರೆ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಅತ್ತರೆ ತಾನೇ ತಾಯಿಯೂ ಹಾಲು ಕೊಡುವುದು!

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. "ಪಾಪ" ಎಂಬ ಮಾತನ್ನು ಬಿಟ್ಟು "ಬರ್ತೀರಾ?" ಎಂದು ಕೇಳಿ. ಬೇಡ ಎನ್ನುವ ಹಕ್ಕು ಅವರದು. ಅವರ ಪರವಾಗಿ ಬೇಡ ಎಂದುಬಿಡುವ ಹಕ್ಕು ನಮ್ಮದಲ್ಲ.

ಮತ್ತೆ ಅಜ್ಜನ ವಿಷಯ

ಆ ಅಜ್ಜ ಮರುವರ್ಷ ಮತ್ತೆ ಬಂದರು. 2025ರ ಅಕ್ಟೋಬರ್ 19, ಭಾನುವಾರ, ಪರ್ತ್‌ನಲ್ಲಿ ಏಕದಿನ ಪಂದ್ಯ. ಈ ಸಲ ಮೊಮ್ಮಗನೇ ಅಪ್ಪನ ಬೆನ್ನು ಬಿದ್ದು ಮೊದಲೇ ಫೋನ್ ಮಾಡಿಸಿದ. ಗಾಲಿಕುರ್ಚಿಯ ಜಾಗ ಸಿಕ್ಕಿತು. ಆ ದಿನ ಮಳೆ ಮತ್ತೆ ಮತ್ತೆ ಆಟ ನಿಲ್ಲಿಸಿತು. ಕೊಹ್ಲಿ ಸೊನ್ನೆಗೆ ಔಟಾದರು, ಪಂದ್ಯ 26 ಓವರಿಗೆ ಇಳಿಯಿತು, ಭಾರತ ಸೋತಿತು.

ಮುಂದಿನ ತರಗತಿಯಲ್ಲಿ ನಾವು ಹುಡುಗನನ್ನು ಕೇಳಿದೆವು, "ಅಜ್ಜನಿಗೆ ಬೇಜಾರಾಯಿತೇ?"

"ಇಲ್ಲ ಮಿಸ್. ಮಳೆ ಬಂದಾಗಲೂ ಅಜ್ಜ ಒಳಗೆ ಹೋಗೋಣ ಅನ್ನಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ತಾತ ಗಾಲಿಕುರ್ಚಿಯಲ್ಲಿ ಇದ್ರು, ಆಸ್ಟ್ರೇಲಿಯಾದವರು. ಅಜ್ಜನಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಆದ್ರೂ ಇಬ್ಬರೂ ದಿನಪೂರ್ತಿ ಕ್ರಿಕೆಟ್ ಮಾತಾಡಿದ್ರು."

ಮುಂದಿನ ಪಂದ್ಯಕ್ಕೆ ನಿಮ್ಮ ಮನೆಯಲ್ಲಿ ಯಾರನ್ನು ಕೇಳಬೇಕಾಗಿದೆ? ಈಗಲೇ ಕೇಳಿಬಿಡಿ.

(ಲೆಕ್ಕದ ಉತ್ತರ: 373)