ಕುಪ್ಪಳಿಯಲ್ಲೊಂದು ಕಥಾ ಕಮ್ಮಟ

ತೀರ್ಥಹಳ್ಳಿಯಿಂದ ಕೊಪ್ಪದ ದಾರಿ ಹಿಡಿದು ಸುಮಾರು 17 ಕಿ.ಮೀ. ಬಂದರೆ ಕುಪ್ಪಳಿ. ಕುವೆಂಪು ಅವರ ಕವಿಮನೆ ನೋಡಲು ಬಂದವರು ಗಂಟೆ ಹೊತ್ತು ಸುತ್ತಾಡಿ ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಇಲ್ಲೇ ಉಳಿದು ಬರೆಯುವವರೂ ಇದ್ದಾರೆ. ಅವರು ಆಗಾಗ ನಡೆಯುವ ಕಥಾ ಕಮ್ಮಟ, ಕಾವ್ಯ ಕಮ್ಮಟಗಳಿಗೆ ನಾಡಿನ ನಾನಾ ಕಡೆಯಿಂದ ಬರುವ ಹುಡುಗ ಹುಡುಗಿಯರು. ಊಟ, ವಸತಿ, ಓದು, ಜಗಳ ಎಲ್ಲವೂ ಒಟ್ಟಿಗೆ.

ನಾನು ಹೋಗುವ ಹೊತ್ತಿಗೆ ಬೆಳಗಿನ ಗೋಷ್ಠಿ ಶುರುವಾಗಿತ್ತು. ಹಾವೇರಿ ಕಡೆಯ ಹುಡುಗಿಯೊಬ್ಬಳು ತನ್ನ ಕತೆ ಓದುತ್ತಿದ್ದಳು. ಮಗಳ ಹಾಸ್ಟೆಲ್ ಫೀಸಿಗಾಗಿ ತಾಯಿ ಎಮ್ಮೆ ಮಾರುತ್ತಾಳೆ. ಕೊನೆಯ ಪ್ಯಾರಾದಲ್ಲಿ ರೈತರ ಬವಣೆಯ ಬಗ್ಗೆ ದೊಡ್ಡ ಮಾತುಗಳು. ಹಿರಿಯ ಕತೆಗಾರರು ಹಾಳೆ ತೆಗೆದುಕೊಂಡು ಆ ಪ್ಯಾರಾದ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದರು. "ಇಷ್ಟು ಬಿಟ್ಟು ಇನ್ನೊಮ್ಮೆ ಓದವ್ವಾ" ಎಂದರು. ಓದಿದಳು. ಈಗ ಕತೆ ಮುಗಿದದ್ದು ತಾಯಿ ಹಗ್ಗ ಸುತ್ತಿ ಗೂಟಕ್ಕೆ ಹಾಕುವಲ್ಲಿಗೆ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ: "ಎಮ್ಮಿಗೆ ಒಂದು ಹೆಸರಾ ಇಲ್ಲಲ್ರೀ?" ಹುಡುಗಿ ಕ್ಷಣ ಯೋಚಿಸಿ ಅಂಚಿನಲ್ಲಿ "ಗೌರಿ" ಎಂದು ಬರೆದುಕೊಂಡಳು. ಕತೆ ನಮ್ಮ ಕಣ್ಣೆದುರೇ ಬೆಳೆಯಿತು.

ಮಧ್ಯಾಹ್ನ ಬರವಣಿಗೆಗೆ ಮೀಸಲು. ಕೆಲವರು ಕೋಣೆ ಸೇರಿದರು, ಕೆಲವರು ಕವಿಮನೆಯತ್ತ ನಡೆದರು. ಮೂರಂತಸ್ತಿನ ಹೆಂಚಿನ ಮನೆ, ನಡುವೆ ತುಳಸಿಕಟ್ಟೆಯ ಅಂಗಳ, ಸುತ್ತ ದಪ್ಪ ಮರದ ಕಂಬಗಳು. ಮಲೆನಾಡಿನ ಬದುಕಿನ ಪಾತ್ರೆ ಪರಡಿಗಳಿಂದ ಹಿಡಿದು ಕವಿಯ ಪುಸ್ತಕಗಳವರೆಗೆ ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ಕೆ.ಟಿ. ಶಿವಪ್ರಸಾದ್ ವಿನ್ಯಾಸಗೊಳಿಸಿದ ಬೃಹತ್ ಶಿಲಾಕಂಬಗಳ ನಡುವೆ 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿ. ಸಮೀಪದ ಬಂಡೆಯ ಮೇಲೆ 1936ರಲ್ಲಿ ಇಲ್ಲಿಗೆ ಬಂದಿದ್ದ ಬಿ.ಎಂ.ಶ್ರೀ. ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರುಗಳನ್ನು ಇಂದಿಗೂ ಓದಬಹುದು.

ಆ ಬಂಡೆಯ ಬಳಿ ನಿಂತಾಗ, ಕಮ್ಮಟಕ್ಕೆ ಇದಕ್ಕಿಂತ ಸರಿಯಾದ ಜಾಗ ಇಲ್ಲವೆನಿಸಿತು. ಬರೀ ಕಾಡಿನ ಚೆಲುವಿಗಾಗಿ ಈ ಮಾತು ಹೇಳುತ್ತಿಲ್ಲ. ಕುವೆಂಪು ಅವರ ಮೊದಲ ಪುಸ್ತಕ 1922ರ ಇಂಗ್ಲಿಷ್ ಕವನಗಳದ್ದು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ತರುಣನ ಪದ್ಯಗಳನ್ನು ಓದಿ, ನಿನ್ನ ಭಾಷೆಯಲ್ಲಿ ಬರೆ ಎಂದು ನೇರವಾಗಿ ಹೇಳಿದರು. ಆಗ ಕವಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ಗುರುವಾಗಿ ದೊರೆತವರು ವೆಂಕಣ್ಣಯ್ಯ. ಸುಮಾರು ಒಂಬತ್ತು ವರ್ಷ ಕೂತು ಬರೆದ 'ಶ್ರೀ ರಾಮಾಯಣ ದರ್ಶನಂ' ಕೃತಿಯನ್ನು ಕುವೆಂಪು ಅರ್ಪಿಸಿದ್ದು ಅವರಿಗೇ. ಅಂಥ ಪ್ರತಿಭೆಗೂ ಎಳೆಯ ವಯಸ್ಸಿನಲ್ಲಿ ಮುಲಾಜಿಲ್ಲದೆ ಓದುವವರು ಬೇಕಾಗಿದ್ದರು.

ಇಂದಿನ ಹುಡುಗರಿಗೆ ಬರೆದದ್ದನ್ನು ಮೊಬೈಲಿನಲ್ಲಿ ಹಾಕಿದ ಕೂಡಲೇ "ಸೂಪರ್" ಎನ್ನುವ ಗೆಳೆಯರು ಸಿಗುತ್ತಾರೆ. ಇಲ್ಲಿ ಸಡಿಲವಾಗಿದೆ, ಇಲ್ಲಿ ನಿನ್ನ ದನಿಯೇ ಇಲ್ಲ ಎನ್ನುವವರು ಸಿಗುವುದಿಲ್ಲ. ರಾತ್ರಿ ಊಟವಾದ ಮೇಲೆ ಇದೇ ಮಕ್ಕಳು ಒಬ್ಬರ ಹಾಳೆ ಇನ್ನೊಬ್ಬರು ಇಸಿದುಕೊಂಡು ಓದುತ್ತಿದ್ದರು. ಒಂದು ವಾಕ್ಯಕ್ಕಾಗಿ ನಿದ್ದೆಗೆಟ್ಟು ವಾದಿಸುತ್ತಿದ್ದರು. ಕಲಬುರಗಿಯ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು ಎಲ್ಲವೂ ಅಲ್ಲಿದ್ದವು. ಯಾರೂ ತಮ್ಮ ಊರಿನ ಕನ್ನಡಕ್ಕೆ ನಾಚಿಕೊಳ್ಳುತ್ತಿರಲಿಲ್ಲ.

ಅಕಾಡೆಮಿ, ಪ್ರತಿಷ್ಠಾನಗಳು ಕಮ್ಮಟಕ್ಕೆ ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪುಟ್ಟ ಪ್ರಕಟಣೆ ಬರುತ್ತದೆ. ಕನ್ನಡ ಮೇಷ್ಟ್ರುಗಳು ಅದನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಲಿ. ಬರೆಯುವ ಮಗುವಿನ ಹೆಸರು ಅವರಿಗೆ ಗೊತ್ತೇ ಇರುತ್ತದೆ; ಅರ್ಜಿಯನ್ನು ತಾವೇ ಕೂರಿಸಿಕೊಂಡು ತುಂಬಿಸಲಿ.