ಇಂದು ಕೊಯ್ದು ನಾಳೆ ಒಕ್ಕುವ ಕಳ್ಳರು

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಕಡೆ ಭತ್ತ ಬೆಳೆಯುವ ಮನೆತನಗಳಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ದ ತೆನೆಯನ್ನು ಅಂದೇ ಒಕ್ಕಬೇಕೆಂಬ ನಿಯಮವಿಲ್ಲ. ಮೆದೆ ಹಾಕಿಟ್ಟು ಅನುಕೂಲವಾದಾಗ ಒಕ್ಕಬಹುದು. ಗಣಕಯಂತ್ರ ಲೋಕದ ಕಳ್ಳರೂ ಇದೇ ಕ್ರಮವನ್ನು ಹಿಡಿಯುತ್ತಾರೆಂಬುದು ತಜ್ಞರ ಆತಂಕ. ಗೂಢಲಿಪಿಯ ಬೀಗವಿರುವ ಮಾಹಿತಿಯನ್ನು ಬೀಗದ ಸಮೇತ ಇಂದು ಕದ್ದು ಕೂಡಿಡುವುದು, ಬೀಗ ಒಡೆಯುವ ಯಂತ್ರ ಬಂದ ದಿನ ತೆರೆಯುವುದು.

ಆ ಯಂತ್ರವೇ ಕ್ವಾಂಟಮ್ ಗಣಕ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಆ ಸಂಖ್ಯೆಗಳನ್ನು ಮರಳಿ ಹುಡುಕುವುದು ಅತಿ ಕಠಿಣ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ವಿದ್ವಾಂಸರು ರೂಪಿಸಿದ, ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಬೀಗ ನಿಂತಿರುವುದು ಈ ಕಷ್ಟದ ಮೇಲೆಯೇ. ಕ್ವಾಂಟಮ್ ಗಣಕಕ್ಕೆ ಅದು ಕಷ್ಟವಲ್ಲವೆಂದು 1994ರಲ್ಲಿ ಪೀಟರ್ ಶೋರ್ ಗಣಿತದಿಂದ ತೋರಿಸಿದರು. ಅದಕ್ಕೆ ಸುಮಾರು 2 ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಅಂದಾಜಾಗಿತ್ತು. 2025ರ ಮೇ ತಿಂಗಳ ಅಂದಾಜು 10 ಲಕ್ಷಕ್ಕೂ ಕಡಿಮೆ. ಬೆಂಗಳೂರಿನ ಕ್ಯೂಪಿಎಐ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಯಂತ್ರದಲ್ಲಿ ಇದ್ದುದು 25. ದಾರಿ ದೂರವಿದೆ, ನಿಜ. ಆದರೆ ಊರೇ ನಮ್ಮ ಕಡೆಗೆ ಸರಿದು ಬರುತ್ತಿರುವಂತಿದೆ.

ಹಳ್ಳಿಯ ಕುಟುಂಬಕ್ಕೆ ಇದರಿಂದೇನು ಎಂದು ಬಂಧುಗಳು ಕೇಳಬಹುದು. ಬ್ಯಾಂಕಿನಿಂದ ಬರುವ ಒಮ್ಮೆ ಬಳಸುವ ಗುಪ್ತಸಂಖ್ಯೆಯನ್ನು ಹದಿನೈದು ವರ್ಷಗಳ ಅನಂತರ ಯಾರು ಓದಿದರೂ ನಷ್ಟವಿಲ್ಲ. ಹೆಬ್ಬೆರಳ ಗುರುತು ಹಾಗಲ್ಲ. ಗುಪ್ತಪದದಂತೆ ಅದನ್ನು ಬದಲಿಸಲಾಗದು. ಪಹಣಿಯ ಮಾತು ಇನ್ನೂ ಗಂಭೀರವಾದುದು. ‘ಭೂಮಿ’ ಯೋಜನೆಯಿಂದ ನಮ್ಮ ಜಮೀನಿನ ದಾಖಲೆಗಳು ಗಣಕಕ್ಕೆ ಸೇರಿ ಎರಡು ದಶಕಗಳು ದಾಟಿದವು. ಕಾಗದದ ಮೇಲಿನ ಸಹಿಯ ಸ್ಥಾನದಲ್ಲಿ ಇಂದು ಅಂಕೀಯ ಸಹಿ ನಿಂತಿದೆ. ಅಂತಹ ಸಹಿಯ ಗುಟ್ಟು ಒಡೆದರೆ ಇಲ್ಲದ ಸಹಿಯನ್ನು ಇದ್ದಂತೆ ಹುಟ್ಟಿಸಬಹುದು. ಜಮೀನಿನ ವ್ಯಾಜ್ಯಗಳು ತಂದೆಯ ಕಾಲದಲ್ಲಿ ಹೂಡಿ ಮಗನ ಕಾಲದಲ್ಲಿ ತೀರುವುದು ನಮ್ಮಲ್ಲಿ ಅಪರೂಪವೇನಲ್ಲ. ಇಂದಿನ ದಾಖಲೆ ಅಂದಿಗೂ ನಂಬಿಕೆಗೆ ಅರ್ಹವಾಗಿರಬೇಕಷ್ಟೆ.

ಹೊಸ ಬೀಗಗಳು ಸಿದ್ಧವಾಗಿವೆ. ಕ್ವಾಂಟಮ್ ಗಣಕಕ್ಕೂ ಜಗ್ಗದಂತೆ ರಚಿಸಿದ ಮೂರು ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್ 13ರಂದು ಪ್ರಕಟಿಸಿತು. ಭಾರತ ಸರ್ಕಾರವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಗಣಕ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅದೇ ನಗರದ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿಯೇ ಎರಡು ಕಟ್ಟಡಗಳ ನಡುವೆ ಬೆಳಕಿನ ಕಣಗಳ ಮೂಲಕ ಗುಪ್ತಕೀಲಿಯನ್ನು ರವಾನಿಸಿ ತೋರಿಸಿದ್ದರು. ಬೀಗ ಬದಲಿಸುವ ಹೊಣೆ ಮುಖ್ಯವಾಗಿ ಸರ್ಕಾರ, ಬ್ಯಾಂಕುಗಳದು. ಆದರೆ ನಮ್ಮ ಪತ್ತಿನ ಸಂಘಗಳು, ವಿದ್ಯಾಸಂಸ್ಥೆಗಳು, ವಿದ್ಯಾರ್ಥಿನಿಲಯಗಳು ತಮ್ಮಲ್ಲಿ ಯಾವ ಮಾಹಿತಿ, ಯಾವ ಹಳೆಯ ಗಣಕದಲ್ಲಿ ಬಿದ್ದಿದೆ ಎಂಬ ಪಟ್ಟಿಯನ್ನಾದರೂ ಮಾಡಿವೆಯೇ? ಬೇಡದ ಆಧಾರ್ ಪ್ರತಿಗಳನ್ನು ಕೂಡಿಡುವ ಅಭ್ಯಾಸ ಏಕೆ?

ಕೃತಕ ಬುದ್ಧಿಮತ್ತೆಯ ಕಳ್ಳನಾದರೋ ಆಗಲೇ ಹೊಸ್ತಿಲಲ್ಲಿದ್ದಾನೆ. ಕೆಲವೇ ಕ್ಷಣಗಳ ಮಾತು ದೊರೆತರೆ ಮಗನ ಧ್ವನಿಯನ್ನೇ ಅನುಕರಿಸಿ ತಾಯಿಗೆ ಕರೆ ಮಾಡಬಲ್ಲ. ಪೊಲೀಸ್ ವೇಷದಲ್ಲಿ ‘ಡಿಜಿಟಲ್ ಬಂಧನ’ವೆಂದು ಹೆದರಿಸುವವರು ಬೇರೆ. ವಿಜಯಪುರದವರೊಬ್ಬರಿಗೆ ಬಂದ ಅಂತಹ ಕರೆಯನ್ನು ಪ್ರಧಾನಿಯವರು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ದೇಶಕ್ಕೇ ಕೇಳಿಸಿ, ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲವೆಂದು ತಿಳಿಸಿದರು.

ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಇಟ್ಟುಕೊಳ್ಳಬಹುದು; ಪರವೂರಿನಿಂದ ಮಗ ತುರ್ತಾಗಿ ಹಣ ಕೇಳಿದರೆ ಮೊದಲು ಅದನ್ನು ಕೇಳುವುದು. ಹಣ ಹೋದದ್ದು ತಿಳಿದೊಡನೆ, ನಾಚಿಕೆಯಿಂದ ಮುಚ್ಚಿಡದೆ, 1930ಕ್ಕೆ ಕರೆ ಮಾಡುವುದು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯುವ ಅವಕಾಶವಿರುವುದು ಆ ಮೊದಲ ಕೆಲವು ಗಂಟೆಗಳಲ್ಲಿಯೇ.