ಮೈಕ್ ಮತ್ತೆ ಆನ್ ಆದದ್ದು ಹೇಗೆ?

ಏಳು ತಿಂಗಳು ನನ್ನ ಒಂದೂ ಎಪಿಸೋಡ್ ಬರಲಿಲ್ಲ. ಮಗಳಿಗೆ ಈಗ ಎರಡು ವರ್ಷ. 'ಟೈಮ್ ಸಿಗ್ತಿಲ್ಲ' ಅಂತ ಎಲ್ಲರಿಗೂ ಹೇಳ್ತಿದ್ದೆ. ಅದು ಸುಳ್ಳು. ಅವಳು ಮಲಗಿದ ಮೇಲೆ ಮೈಕ್ ಮುಂದೆ ಕೂತರೂ ಒಂದು ಮಾತೂ ಹೊರಡ್ತಿರಲಿಲ್ಲ. ಅವಳನ್ನ ಎತ್ತಿಕೊಂಡಾಗಲೂ ಮನಸ್ಸು ಎಲ್ಲೋ ದೂರ.

ಇದಕ್ಕೆ ಪೇರೆಂಟಲ್ ಬರ್ನ್‌ಔಟ್ ಅಂತಾರೆ. ವಿಪರೀತ ಸುಸ್ತು, ಮಗುವಿನಿಂದ ಮನಸ್ಸು ದೂರವಾಗೋದು ಇದರ ಲಕ್ಷಣ. ಬೆಲ್ಜಿಯಂನ ಮನಶ್ಶಾಸ್ತ್ರಜ್ಞೆಯರಾದ ಮೊಯ್ರಾ ಮಿಕೋಲಾಯ್ಚಾಕ್ ಮತ್ತು ಇಸಾಬೆಲ್ ರಾಸ್ಕಮ್ 2018ರಲ್ಲಿ ಕೊಟ್ಟ ವಿವರಣೆ ತಕ್ಕಡಿಯಂಥದ್ದು. ಒಂದು ತಟ್ಟೆಯಲ್ಲಿ ಒತ್ತಡ, ಇನ್ನೊಂದರಲ್ಲಿ ಆಸರೆ. ಒತ್ತಡದ ತಟ್ಟೆ ಬಹಳ ದಿನ ಕೆಳಗೇ ಇದ್ದರೆ ಬರ್ನ್‌ಔಟ್. ಪ್ರೀತಿ ಕಡಿಮೆ ಅಂತಲ್ಲ. ಬಿಕಾಂ ಓದಿದ ನನಗೆ ಥಟ್ಟನೆ ನೆನಪಾದದ್ದು ಸವಕಳಿ. ಯಂತ್ರಕ್ಕೆ ವರ್ಷಾವರ್ಷ ಸವಕಳಿ ಬರೀತೀವಿ. ಅಮ್ಮನ ಸವಕಳಿಗೆ ಯಾವ ಖಾತೆಯೂ ಇಲ್ಲ!

ಒಂದು ಭಾನುವಾರ ರಜೆ ತಗೊಂಡೆ. ಸೋಮವಾರ ಭಾರ ಅಷ್ಟೇ ಇತ್ತು. ಆಮೇಲೆ ಗಂಡನ ಜೊತೆ ಕೂತು ಮಾತಾಡಿದೆ. ರಾತ್ರಿ ಮಗಳಿಗೆ ಊಟ ಮಾಡಿಸೋದು, ಮಲಗಿಸೋದು ಈಗ ಪೂರ್ತಿ ಅವರದ್ದು. 'ಹೆಲ್ಪ್' ಅಲ್ಲ, ಜವಾಬ್ದಾರಿ. ಮೊದಲ ಎರಡು ವಾರ ಆ ಹೊತ್ತಲ್ಲಿ ಬಾಲ್ಕನಿಯಲ್ಲಿ ಸುಮ್ಮನೆ ಕೂತೆ. ಮೂರನೇ ವಾರ ಒಳಗಿಂದ ಅವರ ಶ್ರುತಿ ತಪ್ಪಿದ ಜೋಗುಳ, ಅದಕ್ಕೆ ಅವಳ ನಗು ಕೇಳಿಸ್ತು. ಫೋನ್ ತೆಗೆದು ರೆಕಾರ್ಡ್ ಒತ್ತಿದೆ. ಇವತ್ತಿನ ಎಪಿಸೋಡ್ ಶುರುವಾಗೋದೇ ಆ 40 ಸೆಕೆಂಡ್‌ನಿಂದ.

ನಿಮ್ಮ ಮನೇಲಿ ಅಕ್ಕನೋ ಅತ್ತಿಗೆಯೋ ಹೀಗೆ ಬಳಲಿದ್ರೆ 'ರೆಸ್ಟ್ ತಗೋ' ಅನ್ನಬೇಡಿ. 'ಯಾವ ಕೆಲಸ ಪೂರ್ತಿ ನಾನು ನೋಡ್ಕೊಳ್ಳಲಿ?' ಅಂತ ಕೇಳಿ.